ಚೆಂಡು ನಿಂತ ಹೊತ್ತಿನ ಮಾತುಗಳು

ಹಕ್ಕಿಯ ಕೂಗನ್ನು ಬರೆದುಕೊಳ್ಳುವವರು ಮೊದಲು ಕಲಿಯಬೇಕಾದದ್ದು ಕೂಗನ್ನಲ್ಲ, ಅದರ ಸುತ್ತಮುತ್ತಲನ್ನು. ಹೊತ್ತು ಎಷ್ಟಾಗಿತ್ತು, ಮೋಡವಿತ್ತೇ, ಹಕ್ಕಿ ಎಷ್ಟು ಎತ್ತರದಲ್ಲಿ ಕೂತಿತ್ತು, ಕೂಗುವ ಮುಂಚೆ ಏನು ಮಾಡುತ್ತಿತ್ತು, ಕೂಗಿದ ಮೇಲೆ ಯಾರು ಉತ್ತರ ಕೊಟ್ಟರು. ಇದ್ಯಾವುದೂ ಇಲ್ಲದೆ ‘ಮಡಿವಾಳ ಹಕ್ಕಿ ಕೂಗಿತು’ ಎಂದಷ್ಟೇ ಬರೆದ ಪುಟ ಮುಂದೆ ಯಾರ ಉಪಯೋಗಕ್ಕೂ ಬರುವುದಿಲ್ಲ. ಇನ್ನೊಂದು ಶಿಸ್ತೂ ಇದೆ. ಕಂಡದ್ದನ್ನು ಬರೆಯಬೇಕು, ಕೋಪವನ್ನು ಬರೆಯಬಾರದು. ಕಾಗೆ ಪಿಕಳಾರದ ಗೂಡಿನಿಂದ ಮರಿ ಎತ್ತಿಕೊಂಡು ಹೋಯಿತೆಂದು ನೋಟ್‌ಬುಕ್‌ನಲ್ಲಿ ಕಾಗೆಯನ್ನು ಬೈದರೆ ಏನೂ ತಿಳಿದಂತಾಗುವುದಿಲ್ಲ.

ಕ್ರೀಡಾ ಪ್ರಸಾರದಲ್ಲಿ ಹೆಂಗಸರ ಬಗ್ಗೆ ಆಡುವ ಮಾತುಗಳನ್ನು ನಾನು ಇದೇ ಕ್ರಮದಲ್ಲಿ ಬರೆದುಕೊಳ್ಳುತ್ತ ಬಂದಿದ್ದೇನೆ. ಟಿವಿ ಮುಂದೆ ಪೆನ್ಸಿಲ್ ಹಿಡಿದು ಕೂರುವುದನ್ನು ನೋಡಿ ಮನೆಯವರು ನಗುತ್ತಾರೆ, ನಗಲಿ. ಯಾರು ಏನೆಂದರು, ಯಾರು ಕ್ಷಮೆ ಕೇಳಿದರು ಎನ್ನುವ ಪಟ್ಟಿಗಳಿಗೆ ಬರವಿಲ್ಲ. ಆ ಮಾತು ಬಾಯಿಂದ ಬಂದ ಗಳಿಗೆಯಲ್ಲಿ ಚೆಂಡು ಎಲ್ಲಿತ್ತು ಎಂದು ಪಕ್ಕದ ಕಾಲಂನಲ್ಲಿ ಬರೆದಿಟ್ಟವರು ಕಡಿಮೆ. ನಾನು ಆ ಕಾಲಂ ತುಂಬುತ್ತ ಹೋದೆ. ಹೊಸ ಪ್ರಸಂಗಗಳನ್ನು ಕೇಳಿ, ಹಳೆಯವನ್ನು ಓದಿ, ರೆಕಾರ್ಡಿಂಗ್ ಸಿಕ್ಕಿದ್ದನ್ನು ಮತ್ತೆ ಹಾಕಿ ನೋಡಿ.

2024ರ ಜುಲೈ 27, ಪ್ಯಾರಿಸ್ ಒಲಿಂಪಿಕ್ಸ್‌ನ ಈಜುಕೊಳ. ಆಸ್ಟ್ರೇಲಿಯಾದ ನಾಲ್ವರು 4×100 ಮೀಟರ್ ಫ್ರೀಸ್ಟೈಲ್ ರಿಲೇಯನ್ನು ಒಲಿಂಪಿಕ್ ದಾಖಲೆಯೊಂದಿಗೆ ಗೆದ್ದರು. ಈ ಸ್ಪರ್ಧೆಯಲ್ಲಿ ಆ ದೇಶಕ್ಕೆ ಅದು ಸತತ ನಾಲ್ಕನೇ ಚಿನ್ನ. ಯೂರೋಸ್ಪೋರ್ಟ್‌ನ ಬಾಬ್ ಬ್ಯಾಲರ್ಡ್ ಬಹಳ ವರ್ಷ ಪಳಗಿದ ಈಜು ವೀಕ್ಷಕ ವಿವರಣೆಗಾರ. ಈಜುಗಾರ್ತಿಯರು ನೀರಿನಲ್ಲಿರುವಷ್ಟು ಹೊತ್ತು ಅವರು ಈಜಿನ ಮಾತನ್ನೇ ಆಡುತ್ತಿದ್ದರು. ಸ್ಪರ್ಧೆ ಮುಗಿದು ನಾಲ್ವರೂ ಕೊಳದ ಬದಿಯಿಂದ ಹೊರಡಲು ಸ್ವಲ್ಪ ತಡಮಾಡಿದರು. ಹೆಂಗಸರೆಂದರೆ ಗೊತ್ತಲ್ಲ, ಮೇಕಪ್ ಮಾಡಿಕೊಳ್ಳುತ್ತ ನಿಂತುಬಿಡುತ್ತಾರೆ ಎಂಬರ್ಥದ ಮಾತು ಬಂದದ್ದು ಆಗ. ಪಕ್ಕದಲ್ಲಿದ್ದ ಸಹ ವಿವರಣೆಗಾರ್ತಿ ಲಿಜ್ಜಿ ಸಿಮಂಡ್ಸ್ ಅಲ್ಲೇ ಆಕ್ಷೇಪಿಸಿದರು. ಚಾನೆಲ್ ಬ್ಯಾಲರ್ಡ್ ಅವರನ್ನು ತಂಡದಿಂದ ಕೈಬಿಟ್ಟಿತು. ನನ್ನ ಕಾಲಂನಲ್ಲಿರುವುದು: ಸ್ಪರ್ಧೆ ಮುಗಿದಿದೆ, ಮುಂದಿನದು ಶುರುವಾಗಿಲ್ಲ, ಕ್ಯಾಮೆರಾ ಓಡುತ್ತಿದೆ.

2016ರ ರಿಯೋ. ಹಂಗೆರಿಯ ಕತಿಂಕಾ ಹೊಸ್ಸು 400 ಮೀಟರ್ ಮೆಡ್ಲೆಯಲ್ಲಿ ವಿಶ್ವದಾಖಲೆಯನ್ನು ಎರಡು ಸೆಕೆಂಡಿನಷ್ಟು ಮುರಿದರು. ಅವರು ಗೋಡೆ ಮುಟ್ಟಿದ ಮೇಲೆ ಕ್ಯಾಮೆರಾ ಗ್ಯಾಲರಿಯಲ್ಲಿದ್ದ ಪತಿಯತ್ತ ತಿರುಗಿತು. ಅವರೇ ಕೋಚ್ ಕೂಡ. ಎನ್‌ಬಿಸಿಯ ಡ್ಯಾನ್ ಹಿಕ್ಸ್, ಇದಕ್ಕೆಲ್ಲ ಕಾರಣನಾದ ವ್ಯಕ್ತಿ ಇವರೇ ಎಂದು ತೋರಿಸಿದರು. ಈಜಿದವರು ಇನ್ನೂ ನೀರಿನಲ್ಲಿಯೇ ಇದ್ದರು.

2015ರ ಜನವರಿ, ಮೆಲ್ಬರ್ನ್. ಆಸ್ಟ್ರೇಲಿಯನ್ ಓಪನ್‌ನ ಎರಡನೇ ಸುತ್ತು ಗೆದ್ದ ಯೂಜಿನಿ ಬುಶಾರ್‌ಗೆ ಅಂಕಣದಲ್ಲೇ ನಡೆದ ಸಂದರ್ಶನದಲ್ಲಿ ಸಂದರ್ಶಕರು, ಉಡುಪು ಕಾಣುವಂತೆ ಒಂದು ಸುತ್ತು ತಿರುಗಿ ಎಂದರು. ಗಂಡಸರಿಗೆ ತೋಳು ಮಡಿಚಿ ಮಾಂಸಖಂಡ ತೋರಿಸಿ ಅನ್ನುವುದಾದರೆ ನನ್ನದೇನೂ ಅಭ್ಯಂತರವಿಲ್ಲ ಎಂಬರ್ಥದಲ್ಲಿ ಬುಶಾರ್ ಆಮೇಲೆ ಹೇಳಿದರು. ಮುಂದಿನ ವರ್ಷದ ಜನವರಿ, ಹೋಬರ್ಟ್. ಬಿಗ್ ಬ್ಯಾಷ್ ಪಂದ್ಯದಲ್ಲಿ ಆಗಷ್ಟೇ ಔಟಾಗಿ ಬಂದ ಕ್ರಿಸ್ ಗೇಲ್ ಬೌಂಡರಿ ಪಕ್ಕದಲ್ಲಿ ಮೆಲ್ ಮೆಕ್‌ಲಾಫ್ಲಿನ್ ಎಂಬ ಪತ್ರಕರ್ತೆ ಆಟದ ಬಗ್ಗೆ ಕೇಳಿದ್ದಕ್ಕೆ ಅವರ ಕಣ್ಣನ್ನು ಹೊಗಳಿ, ಪಂದ್ಯದ ನಂತರ ಜೊತೆಯಲ್ಲಿ ಕುಡಿಯಲು ಕರೆದರು. ತಂಡ 10,000 ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಇಲ್ಲಿ ಮೈಕ್ ಹಿಡಿದವರು ಹೆಂಗಸು, ಮಾತಾಡಿದವರು ಆಟಗಾರ. ಪಾತ್ರಗಳು ಅದಲುಬದಲಾದರೂ ಹೊತ್ತು ಅದೇ.

2011ರ ಜನವರಿ 22ರದ್ದು ಎಲ್ಲಕ್ಕಿಂತ ಸ್ಪಷ್ಟ. ವುಲ್ವ್ಸ್ ಮತ್ತು ಲಿವರ್‌ಪೂಲ್ ನಡುವಿನ ಫುಟ್‌ಬಾಲ್ ಪಂದ್ಯ, ಲೈನ್ಸ್‌ಮನ್ ಜಾಗದಲ್ಲಿ ಶಾನ್ ಮ್ಯಾಸಿ ಎಂಬ 25ರ ಯುವತಿ. ಸ್ಕೈ ಸ್ಪೋರ್ಟ್ಸ್‌ನ ರಿಚರ್ಡ್ ಕೀಸ್ ಮತ್ತು ಆ್ಯಂಡಿ ಗ್ರೇ, ಮೈಕ್ ಪ್ರಸಾರದಲ್ಲಿಲ್ಲ ಎಂದುಕೊಂಡು, ಹೆಂಗಸರಿಗೆ ಆಫ್‌ಸೈಡ್ ನಿಯಮ ಎಲ್ಲಿ ಅರ್ಥವಾಗುತ್ತದೆ ಎಂದು ನಕ್ಕರು. ಪಂದ್ಯದಲ್ಲಿ ಲಿವರ್‌ಪೂಲ್‌ನ ಒಂದು ಗೋಲಿಗೆ ಮುಂಚೆ ಆಫ್‌ಸೈಡ್‌ನ ಕೂದಲೆಳೆಯ ತೀರ್ಮಾನ ಎದುರಾಯಿತು. ಮ್ಯಾಸಿ ಬಾವುಟ ಎತ್ತಲಿಲ್ಲ. ರಿಪ್ಲೇ ನೋಡಿದರೆ ಅವರದೇ ಸರಿ. ಗ್ರೇ ಕೆಲಸ ಕಳೆದುಕೊಂಡರು, ಕೀಸ್ ರಾಜೀನಾಮೆ ಕೊಟ್ಟರು.

ಇವನ್ನೆಲ್ಲ ಒಂದೇ ಹಾಳೆಯ ಮೇಲೆ ಬರೆದು ನೋಡಿದಾಗ ಎದ್ದು ಕಾಣುವುದು ಆಡಿದವರ ಸ್ವಭಾವಕ್ಕಿಂತ ಮಾತಿನ ಆವಾಸ. ಚೆಂಡು ಆಟದಲ್ಲಿರುವಾಗ, ಈಜುಗಾರ್ತಿ ಈಜುತ್ತಿರುವಾಗ, ಇಂಥ ಮಾತು ಅಪರೂಪ. ಕಣ್ಣೆದುರು ಏನೋ ನಡೆಯುತ್ತಿರುತ್ತದೆ, ನಾಲಿಗೆ ಅದರ ಹಿಂದೆ ಓಡುತ್ತದೆ. ಆಟ ನಿಂತಾಗ ನಾಲಿಗೆಗೆ ಕೆಲಸವಿಲ್ಲ, ಸುಮ್ಮನಿರುವ ಹಾಗೂ ಇಲ್ಲ. ಕ್ರಿಕೆಟ್ಟಿನಲ್ಲಂತೂ ಚೆಂಡು ಬೌಲರ್ ಕೈ ಬಿಟ್ಟು ಕೀಪರ್ ಕೈ ಸೇರುವ ಕಾಲ ಲೆಕ್ಕ ಹಾಕಿದರೆ ದಿನದ ಬಹುಭಾಗ ಖಾಲಿ. ಓವರ್ ಮುಗಿದು ಫೀಲ್ಡರ್‌ಗಳು ದಾಟುವುದು, ಡ್ರಿಂಕ್ಸ್, ಮೂರನೇ ಅಂಪೈರ್, ಮಳೆ. ಈ ಬಯಲೇ ನನ್ನ ಕ್ಷೇತ್ರ.

ಖಾಲಿ ಹೊತ್ತಿನಲ್ಲಿ ಗಂಡಸರ ಬಗ್ಗೆಯೂ ಹರಟುತ್ತಾರಲ್ಲ, ಅದನ್ನೂ ಬರೆಯದಿದ್ದರೆ ನೋಟ್‌ಬುಕ್ ಸುಳ್ಳಾಗುತ್ತದೆ. 2006ರಲ್ಲಿ ಲಾಹೋರ್‌ನ ಬಹುಮಾನ ವಿತರಣೆಯಲ್ಲಿ ಪಾಕಿಸ್ತಾನದ ಅಧ್ಯಕ್ಷ ಮುಷರ್ರಫ್ ಅವರೇ ಧೋನಿಯ ಉದ್ದ ಕೂದಲನ್ನು ಮೆಚ್ಚಿ, ಕತ್ತರಿಸಬೇಡಿ ಎಂದಿದ್ದರು. ಆಟಗಾರನ ಗಡ್ಡ, ಹಚ್ಚೆ, ಹೊಸ ಕಾರು ಎಲ್ಲವೂ ವಿವರಣೆಯಲ್ಲಿ ಬರುತ್ತವೆ. ಆದರೆ ಧೋನಿಯ ಕೂದಲಿನ ಮಾತು ಧೋನಿಯ ಹೊಡೆತದ ಮಾತಿನ ಮೇಲೆ ಬಂದು ಕೂತಿತು, ಅದರ ಜಾಗವನ್ನು ಕಿತ್ತುಕೊಳ್ಳಲಿಲ್ಲ. 2013ರ ವಿಂಬಲ್ಡನ್ ನೋಡಿ. ಮರಿಯಾನ್ ಬಾರ್ತೊಲಿ ಆ ವರ್ಷ ಒಂದೂ ಸೆಟ್ ಸೋಲದೆ ಪ್ರಶಸ್ತಿ ಗೆದ್ದರು. ಎರಡೂ ಬದಿ ಎರಡೂ ಕೈಯಲ್ಲಿ ಹೊಡೆಯುವ ಆಟ, ವೈದ್ಯರಾಗಿದ್ದ ತಂದೆಯೇ ಕಲಿಸಿದ್ದು. ಹೇಳಲು ಎಷ್ಟೊಂದಿತ್ತು! ಬಿಬಿಸಿ ರೇಡಿಯೋದಲ್ಲಿ ಜಾನ್ ಇನ್ವರ್‌ಡೇಲ್ ಎತ್ತಿದ್ದು, ನೀನು ನೋಡಲು ಚೆಂದ ಇರುವವಳಲ್ಲ, ಅದಕ್ಕೇ ಹೋರಾಡುವುದನ್ನು ಕಲಿ ಎಂದು ಅಪ್ಪ ಚಿಕ್ಕಂದಿನಲ್ಲಿ ಹೇಳಿರಬಹುದೇ ಎಂಬ ಊಹೆಯನ್ನು. ನೂರಾರು ದೂರು ಬಂದವು, ಬಿಬಿಸಿ ಕ್ಷಮೆ ಕೇಳಿತು.

ಕಾಲಿಗೆ ಉಂಗುರ ಹಾಕಿ ಬಿಟ್ಟ ಹಕ್ಕಿ ಕೆಲವೊಮ್ಮೆ ವರ್ಷಗಳ ನಂತರ ಬೇರೆಲ್ಲೋ ಸಿಗುತ್ತದೆ. ಇನ್ವರ್‌ಡೇಲ್ ನನ್ನ ಪುಟಗಳಲ್ಲಿ ಮತ್ತೆ ಸಿಕ್ಕಿದ್ದು 2016ರ ರಿಯೋದಲ್ಲಿ. ಒಲಿಂಪಿಕ್ ಟೆನಿಸ್‌ನಲ್ಲಿ ಎರಡು ಚಿನ್ನ ಗೆದ್ದ ಮೊದಲ ವ್ಯಕ್ತಿ ನೀವು ಎಂದು ಆ್ಯಂಡಿ ಮರ್ರೆಯನ್ನು ಅಭಿನಂದಿಸಿದರು. ವೀನಸ್ ಮತ್ತು ಸೆರೆನಾ ಒಬ್ಬೊಬ್ಬರೂ ನಾಲ್ಕು ಗೆದ್ದಿದ್ದಾರೆ ಎಂದು ಮರ್ರೆ ತಿದ್ದಿದರು. ಈ ಪ್ರಸಂಗದಲ್ಲಿ ಬೈಗುಳವಿಲ್ಲ, ಲೇವಡಿಯಿಲ್ಲ. ‘ವ್ಯಕ್ತಿ’ ಎಂದು ಎಣಿಸುವಾಗ ಇಬ್ಬರು ಅಕ್ಕತಂಗಿಯರು ಲೆಕ್ಕಕ್ಕೇ ಬರಲಿಲ್ಲ ಅಷ್ಟೆ. ನನಗೆ ಮೇಕಪ್ಪಿನ ಜೋಕಿಗಿಂತ ಇದು ದೊಡ್ಡ ದಾಖಲೆ.

ಯಾಕೆಂದರೆ ಹಕ್ಕಿ ನೋಡುವ ನಮ್ಮ ಕಸುಬಿನಲ್ಲೂ ಇದೇ ಆಗಿತ್ತು. ಹಾಡುವುದು ಗಂಡು, ಕೇಳಿ ಆರಿಸುವುದು ಹೆಣ್ಣು ಎಂದು ಪಕ್ಷಿಶಾಸ್ತ್ರ ಡಾರ್ವಿನ್ ಕಾಲದಿಂದ ಹೇಳಿಕೊಂಡು ಬಂತು. ಹೇಳಿದವರಲ್ಲಿ ಹೆಚ್ಚಿನವರು ಯೂರೋಪು, ಉತ್ತರ ಅಮೆರಿಕದವರು. ಅಲ್ಲಿನ ಬಹಳಷ್ಟು ಹಕ್ಕಿಗಳಲ್ಲಿ ಹೆಣ್ಣು ಹಾಡುವುದು ಕಡಿಮೆ. ಉಷ್ಣವಲಯದಲ್ಲಿ, ಆಸ್ಟ್ರೇಲಿಯಾದಲ್ಲಿ ಹಾಗಿಲ್ಲ. ಆದರೂ ಗಂಡುಹೆಣ್ಣು ಒಂದೇ ಬಣ್ಣದ ಹಕ್ಕಿ ಹಾಡಿದರೆ ಗಂಡು ಎಂದು ಬರೆದುಕೊಂಡು ಮುಂದೆ ಹೋಗುವುದು ರೂಢಿಯಾಗಿತ್ತು. 2014ರಲ್ಲಿ ಕರನ್ ಓಡಮ್ ಮತ್ತು ಸಂಗಡಿಗರು ಲಭ್ಯವಿದ್ದ ಮಾಹಿತಿಯನ್ನು ಜಾಲಾಡಿದರು. ಮಾಹಿತಿ ಸಿಕ್ಕ 323 ಹಾಡುಹಕ್ಕಿ ಪ್ರಭೇದಗಳಲ್ಲಿ ಶೇ 71ರಲ್ಲಿ ಹೆಣ್ಣೂ ಹಾಡುತ್ತದೆ. ಈ ಹಕ್ಕಿಗಳ ಪೂರ್ವಜರಲ್ಲಿ ಗಂಡುಹೆಣ್ಣು ಎರಡೂ ಹಾಡುತ್ತಿದ್ದಿರಬೇಕು, ಕೆಲವು ಕವಲುಗಳಲ್ಲಿ ಹೆಣ್ಣು ಆಮೇಲೆ ಹಾಡು ಬಿಟ್ಟಿರಬೇಕು ಎಂಬುದು ಅವರ ತೀರ್ಮಾನ. ಯಾರೂ ಹೆಣ್ಣುಹಕ್ಕಿಯನ್ನು ಅವಮಾನಿಸಿರಲಿಲ್ಲ. ಕೇಳಿದ ಹಾಡನ್ನೇ ಗಂಡಿನ ಖಾತೆಗೆ ಬರೆದಿದ್ದರು.

ನಮ್ಮ ಕೆರೆಯ ಹಿನ್ನೀರಿನ ಜೊಂಡಿನಲ್ಲಿ ಪೇಂಟೆಡ್ ಸ್ನೈಪ್ ಇದೆ. ಅದರಲ್ಲಿ ಕೆಂಗಂದು ಕುತ್ತಿಗೆ, ಕಣ್ಣ ಸುತ್ತ ಬಿಳಿ ಪಟ್ಟೆ, ಢಾಳಾದ ಬಣ್ಣ ಎಲ್ಲವೂ ಹೆಣ್ಣಿನದು. ಕತ್ತಲಾಗುವಾಗ ಖಾಲಿ ಬಾಟಲಿಯ ಬಾಯಿಗೆ ಊದಿದ ಹಾಗೆ ಊಕ್, ಊಕ್ ಎಂದು ಕೂಗುವುದೂ ಅದೇ. ಮಸುಕು ಬಣ್ಣದ ಗಂಡು ಕಾವು ಕೂರುತ್ತದೆ, ಮರಿ ಸಾಕುತ್ತದೆ. ಕೆರೆಗೆ ಬಂದ ಹೊಸಬರಿಗೆ ಟೆಲಿಸ್ಕೋಪಿನಲ್ಲಿ ತೋರಿಸಿದರೆ ಮೊದಲು ಹೊರಡುವ ಮಾತು ಒಂದೇ: ‘ಆಹಾ, ಗಂಡು ಎಷ್ಟು ಚೆನ್ನಾಗಿದೆ!’ ಹೆಣ್ಣು ಎಂದು ತಿಳಿದ ಮೇಲೆ ಇನ್ನೊಂದು ಮಾತು: ‘ಅಯ್ಯೋ, ಮೊಟ್ಟೆ ಬಿಟ್ಟು ಹೋಗುತ್ತಾ?’ ಗಂಡು ಕಾವಿಗೇ ಕೂರದ ಸೂರಕ್ಕಿಯ ಬಗ್ಗೆ ಯಾರೂ ಹೀಗೆ ಮರುಗಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಮತ್ತೆ ಮೈಕಿನ ಕಡೆಗೆ. ದೂರದ ದೇಶದ ಉದಾಹರಣೆಗಳನ್ನೇ ಬರೆಯುತ್ತ ಕೂತರೆ ಸುಲಭವಾಗುತ್ತದೆಂದು, ನಮ್ಮ ಕಡೆಯ ಹೊನಲು ಬೆಳಕಿನ ಪಂದ್ಯಾವಳಿಗೂ ನೋಟ್‌ಬುಕ್ ಹಿಡಿದು ಹೋಗಿದ್ದೆ. ಗಂಡಸರಿಗೆ ವಾಲಿಬಾಲ್, ಹೆಂಗಸರಿಗೆ ಥ್ರೋಬಾಲ್. ಇದೇ ಕ್ರಮ ಯಾಕೆ ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿಲ್ಲ, ಮೊದಲಿಂದ ಹಾಗೇ. ಮೈಕ್ ಹಿಡಿದವನು ಒಳ್ಳೆಯ ಮಾತುಗಾರ. ವಾಲಿಬಾಲ್ ನಡೆಯುವಾಗ ಏಳನೇ ನಂಬರಿನ ಹುಡುಗ ಹೋದ ವರ್ಷ ಯಾವ ಊರಿನಲ್ಲಿ ಎಷ್ಟು ಸ್ಮ್ಯಾಶ್ ಹೊಡೆದ, ಅವನ ಅಣ್ಣ ಯಾವ ತಂಡದಲ್ಲಿ ಆಡುತ್ತಿದ್ದ ಎಂದು ಉಸಿರುಬಿಡದೆ ಹೇಳುತ್ತಿದ್ದ. ಥ್ರೋಬಾಲ್ ಶುರುವಾದಾಗ ಅಡುಗೆಮನೆ ಬಿಟ್ಟು ಅಕ್ಕಂದಿರು ಅಂಕಣಕ್ಕೆ ಇಳಿದಿದ್ದಾರೆ, ಜೋರಾದ ಚಪ್ಪಾಳೆ ಬರಲಿ ಎಂದ. ಚೆಂಡು ಆಟದಲ್ಲಿರುವಾಗ ಪಾಯಿಂಟ್ ಸರಿಯಾಗಿಯೇ ಕೂಗಿದ. ಚೆಂಡು ಹೊರಗೆ ಬಿದ್ದು ಹುಡುಗರು ತರಲು ಓಡಿದಾಗಲೆಲ್ಲ ಮನೆಯಲ್ಲಿ ಸಾರು ಉಕ್ಕುತ್ತಿರುವ ಜೋಕು, ಗಂಡನಿಗೆ ಹೆದರುವ ಜೋಕು. ಹೆಂಗಸರೂ ನಕ್ಕರು.

ಊಟದ ಹೊತ್ತಿನಲ್ಲಿ ಹತ್ತಿರ ಹೋಗಿ, ‘ಆ ಎರಡನೇ ಸಾಲಿನಲ್ಲಿ ಎಡಗೈಯಲ್ಲಿ ಎಸೀತಿದ್ರಲ್ಲ, ಅವರ ಹೆಸರೇನಪ್ಪ?’ ಎಂದೆ.

‘ಗೊತ್ತಿಲ್ಲ ಸಾರ್. ಗಂಡಸರ ಟೀಮಿಂದು ಲಿಸ್ಟ್ ಕೊಟ್ಟಿದ್ರು, ಇವರ್ದು ಕೊಡ್ಲಿಲ್ಲ. ಮೈಕ್ ಕೈಲಿದ್ಮೇಲೆ ಏನಾದ್ರೂ ಹೇಳ್ಬೇಕಲ್ಲ.’

ಅವನನ್ನು ಸ್ತ್ರೀದ್ವೇಷಿ ಎಂದು ಬರೆದು ಮುಗಿಸಿದ್ದರೆ ಆ ಲಿಸ್ಟಿನ ಸಂಗತಿ ನನಗೆ ಸಿಗುತ್ತಲೇ ಇರಲಿಲ್ಲ. ದೊಡ್ಡ ಚಾನೆಲ್‌ಗಳಿಗೂ ಇದೇ ಅನ್ವಯ ಎಂದು ನನ್ನ ಗುಮಾನಿ. ಗಂಡಸರ ಕ್ರಿಕೆಟ್ಟಿನಲ್ಲಿ ಮಳೆ ಬಂದರೆ 1983, ಶಾರ್ಜಾ, ಈಡನ್ ಗಾರ್ಡನ್ಸ್‌ನ ಲಕ್ಷ್ಮಣ್-ದ್ರಾವಿಡ್ ಎಂದು ದಿನವಿಡೀ ತೋರಿಸಬಹುದು. ಹೆಂಗಸರ ಪಂದ್ಯದಲ್ಲಿ ಮಳೆ ಬಂದರೆ? ಮಹಿಳೆಯರ ವಿಶ್ವಕಪ್ ಶುರುವಾದದ್ದು 1973ರಲ್ಲಿ, ಗಂಡಸರದ್ದಕ್ಕಿಂತ ಎರಡು ವರ್ಷ ಮುಂಚೆ. ಭಾರತದ ಹೆಂಗಸರು ಮೊದಲ ಟೆಸ್ಟ್ ಆಡಿದ್ದು 1976ರ ಅಕ್ಟೋಬರ್ 31ರಿಂದ, ನಮ್ಮ ಬೆಂಗಳೂರಿನಲ್ಲೇ, ವೆಸ್ಟ್ ಇಂಡೀಸ್ ವಿರುದ್ಧ. ನಾಯಕಿ ನಮ್ಮವರೇ ಆದ ಶಾಂತಾ ರಂಗಸ್ವಾಮಿ. ಮರುವರ್ಷ ಡ್ಯುನೆಡಿನ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 108 ಹೊಡೆದು ಭಾರತದ ಪರ ಟೆಸ್ಟ್ ಶತಕ ಗಳಿಸಿದ ಮೊದಲ ಮಹಿಳೆಯಾದರು. ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಪ್ರಯಾಣ ಮಾಡಿ ಆಡಿದ ಕಥೆಯನ್ನು ಅವರು ಎಷ್ಟೋ ಕಡೆ ಹೇಳಿದ್ದಾರೆ. ಬೆಂಗಳೂರಿನ ಕ್ರಿಕೆಟ್ ಹುಚ್ಚರಲ್ಲಿ ಆ 108ನ್ನು ಕಣ್ಣಿಂದ ಕಂಡವರಿದ್ದರೆ ನನಗೆ ಪರಿಚಯ ಮಾಡಿಸಿ. ತೋರಿಸಲು ಚಿತ್ರವಿಲ್ಲದ ಕಡೆ ಬಾಯಿಗೆ ಬರುವುದು ಮದುವೆ, ಮಕ್ಕಳು, ಮುಖ.

2017ರ ವಿಶ್ವಕಪ್ಪಿನಲ್ಲೂ 31 ಪಂದ್ಯಗಳಲ್ಲಿ ಟಿವಿಗೆ ಬಂದದ್ದು 10, ಉಳಿದವು ಇಂಟರ್‌ನೆಟ್ಟಿನಲ್ಲಿ. ಅಂಪೈರ್ ತೀರ್ಪನ್ನು ಮರುಪರಿಶೀಲಿಸುವ ಡಿಆರ್‌ಎಸ್ ಟಿವಿಗೆ ಬಂದ ಪಂದ್ಯಗಳಿಗಷ್ಟೇ. ಅಂದರೆ ಕ್ಯಾಮೆರಾ ಇಲ್ಲದ ಕಡೆ ಎಲ್‌ಬಿಡಬ್ಲ್ಯು ತೀರ್ಪು ತಪ್ಪಾಗಿದ್ದರೆ ತಪ್ಪಾಗಿಯೇ ಉಳಿಯಿತು. ಅದೇ ವಿಶ್ವಕಪ್ಪಿಗೆ ಹೊರಟ ಮಿತಾಲಿ ರಾಜ್‌ಗೆ ಔತಣಕೂಟವೊಂದರಲ್ಲಿ ಪತ್ರಕರ್ತರೊಬ್ಬರು, ನಿಮ್ಮ ಮೆಚ್ಚಿನ ಪುರುಷ ಕ್ರಿಕೆಟಿಗ ಯಾರು ಎಂದು ಕೇಳಿದರು. ಗಂಡಸರನ್ನು ನಿಮ್ಮ ಮೆಚ್ಚಿನ ಆಟಗಾರ್ತಿ ಯಾರೆಂದು ಕೇಳುತ್ತೀರಾ ಎಂದು ಮಿತಾಲಿ ಮರುಪ್ರಶ್ನೆ ಹಾಕಿದರು. ಡರ್ಬಿಯ ಸೆಮಿಫೈನಲ್‌ನಲ್ಲಿ ಹರ್ಮನ್‌ಪ್ರೀತ್ ಕೌರ್ ಆಸ್ಟ್ರೇಲಿಯಾ ವಿರುದ್ಧ 115 ಎಸೆತಗಳಲ್ಲಿ 171 ಹೊಡೆದಾಗ ಅಳತೆಗೋಲು ತಕ್ಷಣ ಹೊರಬಂತು: ಕಪಿಲ್ ದೇವ್ ಅವರ 175. ಅಳತೆ ತಪ್ಪೇನಲ್ಲ. ಆದರೆ ಟನ್‌ಬ್ರಿಜ್ ವೆಲ್ಸ್‌ನ ಆ 175ರ ಟಿವಿ ಚಿತ್ರಣವೂ ಇಲ್ಲ ಎಂಬುದನ್ನು ನೆನೆದರೆ ನಗು ಬರುತ್ತದೆ. ಗಂಡಸಿನ ಇನಿಂಗ್ಸಾದರೆ ಚಿತ್ರವಿಲ್ಲದೆಯೂ ನಾಡಿನ ಬಾಯಲ್ಲಿ ಉಳಿಯುತ್ತದೆ. ಹಾಗಾಗಿ ನನ್ನ ಚಿತ್ರದ ವಾದ ಪೂರ್ತಿ ಸಾಲದು. ಪಕ್ಕದಲ್ಲಿ ಪ್ರಶ್ನಾರ್ಥಕ ಹಾಕಿ ಬಿಟ್ಟಿದ್ದೇನೆ.

ಸಾನಿಯಾ ಮಿರ್ಜಾ ಪ್ರಸಂಗವೂ ಆ ಪ್ರಶ್ನಾರ್ಥಕದ ಕೆಳಗೇ ಬರುತ್ತದೆ. 2016ರಲ್ಲಿ ಅವರು ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್. ತೋರಿಸಲು ಬೇಕಾದಷ್ಟು ಚಿತ್ರವಿತ್ತು, ಹೇಳಲು ಆಟವಿತ್ತು. ಆದರೂ ಟಿವಿ ಸಂದರ್ಶನದಲ್ಲಿ ರಾಜ್‌ದೀಪ್ ಸರ್ದೇಸಾಯಿ, ಯಾವಾಗ ಸೆಟಲ್ ಆಗುತ್ತೀರಿ, ತಾಯ್ತನದ ಯೋಚನೆಯೇನು ಎಂದು ಕೇಳಿದರು. ಎಷ್ಟು ವಿಂಬಲ್ಡನ್ ಗೆದ್ದರೂ, ನಂಬರ್ ಒನ್ ಆದರೂ ನಾವು ಸೆಟಲ್ ಆದ ಹಾಗಲ್ಲ ಎಂಬ ಧಾಟಿಯಲ್ಲಿ ಸಾನಿಯಾ ಉತ್ತರಿಸಿದರು. ಸರ್ದೇಸಾಯಿ ಅಲ್ಲೇ ಕ್ಷಮೆ ಕೇಳಿದರು, ಗಂಡಸು ಕ್ರೀಡಾಪಟುವಿಗೆ ಈ ಪ್ರಶ್ನೆ ಹಾಕುತ್ತಿರಲಿಲ್ಲ ಎಂದೂ ಒಪ್ಪಿಕೊಂಡರು.

ನನ್ನದು ಒಬ್ಬನ ನೋಟ್‌ಬುಕ್. ನಿಜವಾದ ಗಣತಿ ಮಾಡಿದವರು ಅಮೆರಿಕದಲ್ಲಿದ್ದಾರೆ. ಮೈಕೆಲ್ ಮೆಸ್ನರ್, ಶೆರಿಲ್ ಕುಕಿ ಮತ್ತು ಸಂಗಡಿಗರು 1989ರಿಂದ ಸುಮಾರು ಐದು ವರ್ಷಕ್ಕೊಮ್ಮೆ ಲಾಸ್ ಏಂಜಲೀಸ್‌ನ ಟಿವಿ ಕ್ರೀಡಾವಾರ್ತೆಗಳನ್ನು ನಿಮಿಷ ನಿಮಿಷ ಅಳೆದರು. ಕೆರೆಯ ಹಕ್ಕಿ ಎಣಿಸುವವರಿಗೆ ಇಂಥ ಹಟ ಕಂಡರೆ ಗೌರವ. 1989ರಲ್ಲಿ ಹೆಂಗಸರ ಆಟಕ್ಕೆ ಸಿಕ್ಕ ಪಾಲು ಶೇ 5. 2009ರಲ್ಲಿ ಅದು ಶೇ 1.6ಕ್ಕೆ ಬಿತ್ತು. 2019ರಲ್ಲಿ ಶೇ 5.4. ಮೂವತ್ತು ವರ್ಷ ಕಳೆದು ಹೊರಟಲ್ಲಿಗೇ ಬಂದಂತಾಯಿತು. ಅಂಕಿಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಇನ್ನೊಂದು ಗಮನಿಕೆ. ಮೊದಲ ವರ್ಷಗಳಲ್ಲಿ ಆಟಗಾರ್ತಿಯರ ಮೈಕಟ್ಟಿನ ಬಗ್ಗೆ ಬಹಿರಂಗ ಲೇವಡಿ ಇತ್ತು. ಅದು ಬರಬರುತ್ತ ಕಡಿಮೆಯಾಯಿತು. ಅದರ ಜಾಗಕ್ಕೆ ಬಂದದ್ದು ಸಪ್ಪೆ ದನಿ. ಗಂಡಸರ ಆಟಕ್ಕೆ ಏರಿಳಿತ, ಬೆರಗು, ತಮಾಷೆ. ಹೆಂಗಸರದ್ದನ್ನು ಗೌರವದಿಂದಲೇ, ರಾಗವಿಲ್ಲದೆ ಓದಿ ಮುಗಿಸುವುದು. ತಪ್ಪು ಹುಡುಕಲು ಹೋದರೆ ಒಂದು ಪದವೂ ಸಿಗುವುದಿಲ್ಲ.

ಇದನ್ನು ಓದಿದ ಮೇಲೆ ನಾನು ಮಾತಿನ ಜೊತೆ ದನಿಯನ್ನೂ ಗುರುತು ಹಾಕತೊಡಗಿದೆ, ಹಕ್ಕಿ ಕೂಗಿಗೆ ಏರು ಗೆರೆ ಇಳಿ ಗೆರೆ ಎಳೆಯುವ ಹಾಗೆ. ಕನ್ನಡ ಕಾಮೆಂಟರಿಗೆ ಇಲ್ಲೊಂದು ಅನುಕೂಲವಿದೆ. ‘ಎಂಥ ಹೊಡೆತ ಹೊಡೆದರು!’ ಎಂದಾಗ ಹೊಡೆದವರು ಗಂಡೋ ಹೆಣ್ಣೋ ವ್ಯಾಕರಣಕ್ಕೆ ಬೇಕಿಲ್ಲ, ಗೌರವದ ಬಹುವಚನ ಎಲ್ಲರಿಗೂ ಒಂದೇ. ಪಕ್ಕದ ಕೋಣೆಯಲ್ಲಿ ಕೂತು ಬರೀ ದನಿ ಕೇಳಿ, ಆಡುತ್ತಿರುವುದು ಯಾರೆಂದು ಊಹಿಸಲು ನೋಡುತ್ತೇನೆ. ಸಿಕ್ಸರ್ ಹೋದಾಗ ಊಹಿಸಲಾಗುವುದಿಲ್ಲ, ಅದು ಒಳ್ಳೆಯ ಲಕ್ಷಣ. ಎರಡು ಎಸೆತಗಳ ನಡುವೆ ಮಾತ್ರ ಈಗಲೂ ಗೊತ್ತಾಗಿಬಿಡುತ್ತದೆ.

ಕ್ಯಾಮೆರಾದ ಭಾಷೆಯನ್ನು ಬರೆಯಲು ನನ್ನಲ್ಲಿ ಸಾಕಷ್ಟು ಕಾಲಂಗಳಿಲ್ಲ. ಪ್ಯಾರಿಸ್ ಒಲಿಂಪಿಕ್ಸ್‌ನ ಪ್ರಸಾರ ಮುಖ್ಯಸ್ಥ ಯಾನಿಸ್ ಎಕ್ಸಾರ್ಕೋಸ್, ಗಂಡಸರನ್ನು ಚಿತ್ರೀಕರಿಸಿದ ರೀತಿಯಲ್ಲೇ ಹೆಂಗಸರನ್ನೂ ಚಿತ್ರೀಕರಿಸಬೇಕೆಂದು ಕ್ಯಾಮೆರಾದವರಿಗೆ ಹೇಳಬೇಕಾಯಿತು, 2018ರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಗ್ಯಾಲರಿಯ ಚೆಂದದ ಯುವತಿಯರ ಮೇಲೆ ಝೂಮ್ ಮಾಡಬೇಡಿ ಎಂದು ಫಿಫಾ ಹೇಳಬೇಕಾಯಿತು ಎಂದಷ್ಟೇ ಬರೆದಿಟ್ಟಿದ್ದೇನೆ. ಎರಡನೆಯದಂತೂ ಆಟ ನಿಂತ ಹೊತ್ತಿನ ಚಿತ್ರವೇ.

ಆವಾಸ ಬದಲಾದರೆ ಕೂಗೂ ಬದಲಾಗುತ್ತದೆ. 2015ರಲ್ಲಿ ಐಪಿಎಲ್ ಕಾಮೆಂಟರಿಗೆ ಅಂಜುಮ್ ಚೋಪ್ರಾ, ಈಶಾ ಗುಹಾ, ಲೀಸಾ ಸ್ಥಾಲೇಕರ್, ಮೆಲ್ ಜೋನ್ಸ್ ಬಂದಾಗ ಅದು ಸುದ್ದಿಯಾಗಿತ್ತು, ಈಗ ಯಾರಿಗೂ ಸುದ್ದಿಯಲ್ಲ. ಅವರು ಬಂದದ್ದರಿಂದ ಗಂಡಸರು ನಾಲಿಗೆ ಬಿಗಿಹಿಡಿದರು ಎನ್ನುವುದು ಒಂದು ವಿವರಣೆ. ನನಗೆ ಕಂಡದ್ದು ಬೇರೆ. ಖಾಲಿ ಹೊತ್ತಿನಲ್ಲಿ ಅವರ ಬಳಿ ಹೇಳಲು ತಾವೇ ಆಡಿದ ಪಂದ್ಯಗಳಿವೆ. ಮೈಕಿನವನ ಕೈಗೆ ಸಿಗದ ಲಿಸ್ಟ್ ಇವರ ತಲೆಯಲ್ಲೇ ಇದೆ.

2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ವಿಶ್ವಕಪ್ ಫೈನಲ್ ಮಳೆಯಿಂದಾಗಿ ತಡವಾಗಿ ಶುರುವಾಯಿತು. ನನಗೆ ಬೇಕಾದದ್ದೂ ಅದೇ. ಆ ಬಿಡುವಿನಲ್ಲಿ 2005ರ ಸೆಂಚುರಿಯನ್ ಫೈನಲ್ ಬಂತು, ಲಾರ್ಡ್ಸ್‌ನಲ್ಲಿ 9 ರನ್ನಿನಿಂದ ಕೈತಪ್ಪಿದ 2017 ಬಂತು, ಮೂರು ದಿನ ಹಿಂದಿನ ಜೆಮಿಮಾ ರಾಡ್ರಿಗಸ್‌ರ 127 ಬಂತು. ಯಾರದೋ ಮದುವೆಯ ಮಾತೂ ನಡುವೆ ಇಣುಕಿತು, ಬರೆದುಕೊಂಡೆ. ಶಫಾಲಿ ವರ್ಮಾ 87 ಹೊಡೆದರು, ದೀಪ್ತಿ ಶರ್ಮಾ ಐದು ವಿಕೆಟ್ ಕಿತ್ತರು, ಭಾರತ 52 ರನ್ನಿನಿಂದ ಗೆದ್ದಾಗ ನಡುರಾತ್ರಿ ದಾಟಿತ್ತು. ಆಮೇಲೆ ಆಟಗಾರ್ತಿಯರು ಕಪ್ಪನ್ನು ಹೊತ್ತುಕೊಂಡು ಹೋಗಿ ಮೈದಾನದ ಅಂಚಿನಲ್ಲಿದ್ದ ಮಿತಾಲಿ ರಾಜ್, ಝೂಲನ್ ಗೋಸ್ವಾಮಿ, ಅಂಜುಮ್ ಚೋಪ್ರಾ ಕೈಗೆ ಕೊಟ್ಟರು. ಮೂವರೂ ಅಲ್ಲಿದ್ದದ್ದು ಪ್ರಸಾರದ ಕೆಲಸಕ್ಕೆ. ಆಟದವರು ಮೈಕಿನವರ ಬಳಿಗೆ ಕಪ್ ಒಯ್ದುಕೊಟ್ಟ ಇನ್ನೊಂದು ದಾಖಲೆ ನನ್ನಲ್ಲಿಲ್ಲ.

ಹೆಂಗಸರ ಟಿ20 ವಿಶ್ವಕಪ್ 2026ರ ಜೂನ್‌ನಲ್ಲಿ, ಇಂಗ್ಲೆಂಡಿನಲ್ಲಿ. ಅಲ್ಲಿಯ ಜೂನ್ ಎಂದರೆ ಮಳೆ ಗ್ಯಾರಂಟಿ, ಕವರ್ ಎಳೆಯುವುದು, ಬಿಡಿಸುವುದು, ಅಂಪೈರ್‌ಗಳು ಕೊಡೆ ಹಿಡಿದು ಪಿಚ್ ಒತ್ತಿ ನೋಡುವುದು. ಕ್ರಿಕೆಟ್ ಪ್ರಿಯರು ಶಪಿಸುತ್ತಾರೆ. ನಾನು ಹೊಸ ನೋಟ್‌ಬುಕ್ ತಂದಿದ್ದೇನೆ, ಬಲಗಡೆಯ ಕಾಲಂ ಅಗಲ ಮಾಡಿ ಗೆರೆ ಹಾಕಿದ್ದೂ ಆಗಿದೆ.